ಮಾಳಿಗೆಯ ಕೊಕ್ಕೆಗೆ ಮೂರು ತಕ್ಕಡಿ

ಮಾಳಿಗೆಯ ಕೋಣೆಗೆ ಬಣ್ಣ ಬಳಿಸುವ ಮೊದಲು ನೆಲ ತೊಳೆಯಬೇಕಿತ್ತು. ಒಂದು ಕೊಡ ನೀರು ಚೆಲ್ಲಿದ್ದೇ ತಡ, ಬಿಸಿಲಿಗೆ ಕಾದಿದ್ದ ಶಹಾಬಾದಿ ಫರ್ಸಿಗಲ್ಲಿನ ನೆಲದಿಂದ ಆ ವಾಸನೆ ಎದ್ದಿತು. ಸುಣ್ಣ, ಧೂಳು, ಯಾವಾಗಲೋ ಬಂದುಹೋದ ಮಳೆ ಎಲ್ಲ ಕಲೆತಂಥ ವಾಸನೆ. ನಮ್ಮ ವಾಡಿ ಊರಿನ ಮನೆಗಳಲ್ಲಿ ಬಾಳುವೆ ಮಾಡಿದವರ ಮೂಗಿಗೆ ಅದು ತಿಳಿಯುವುದೇ ಇಲ್ಲ. ನನಗೂ ತಿಳಿದಿರಲಿಲ್ಲ. ಅದನ್ನು ತೋರಿಸಿಕೊಟ್ಟವರು ನಮ್ಮ ಮಾಳಿಗೆಯಲ್ಲಿ ಬಾಡಿಗೆಗಿದ್ದ ಮೇಡಂ. ಕೋಣೆ ನೋಡಲು ಬಂದ ದಿನ, ನಾನು ನೆಲ ತೊಳೆಯುತ್ತಿದ್ದಾಗ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ, "ಎಷ್ಟು ಒಳ್ಳೆ ವಾಸನೆ ರೀ ಈ ನೆಲದ್ದು!" ಅಂದಿದ್ದರು.

"ನೆಲದ ವಾಸನಿ ನೋಡಿ ಮನಿ ಹಿಡ್ಯಾಕಿ ಇಕಿ ಒಬ್ಬಾಕಿನೇ ನೋಡು," ಎಂದು ಅತ್ತೆ ಮೆಟ್ಟಿಲ ಕೆಳಗಿನಿಂದ ಗೊಣಗಿದ್ದರು. ಆದರೂ ಕೋಣೆ ಕೊಟ್ಟರು.

ವಾಸನೆಯೊಂದೇ ಸಾಲದೆಂಬಂತೆ, ಬಣ್ಣ ಬಳಿಯಲು ಬಂದ ಅಣ್ಣ ಏಣಿ ಹತ್ತಿ ಕೂಗಿದ. "ಅಕ್ಕೋರ, ಗರ್ಡರಿಗಿ ಒಂದು ಕೊಕ್ಕಿ ಅದ ನೋಡ್ರಿ. ಜಂಗ್ ಹಿಡದದ. ಕಿತ್ತು ಒಗೀಲೇನ್ರಿ?"

ನಾನು ಚಹಾ ತರುತ್ತೇನೆಂದು ಕೆಳಗಿಳಿದು ಬಂದೆ…

ಮೇಡಂ ಮೈಸೂರು ಕಡೆಯವರು. ಹೊರದೇಶದ ದೊಡ್ಡ ಸಂಸ್ಥೆಯೊಂದರ ನೌಕರಿ. ಇಲ್ಲಿಗೆ ಬರುವ ಮೊದಲು ಎಲ್ಲೆಲ್ಲಿಯೋ ನಿರಾಶ್ರಿತರ ಶಿಬಿರಗಳಲ್ಲಿ ಇದ್ದು ಬಂದಿದ್ದರು. ವಾಡಿಯಲ್ಲಿ ಮನೆ ಹಿಡಿದದ್ದು ರೈಲಿಗಾಗಿ. ಚಿತ್ತಾಪುರಕ್ಕೋ ಸೇಡಂಗೋ ಶಹಾಬಾದಿಗೋ ಹೋಗಿ ಸಂಜೆಯೊಳಗೆ ಬರಬಹುದಲ್ಲ. ಚಿಂಚೋಳಿಗೆ ಮಾತ್ರ ಜೀಪು ಬೇಕಾಗುತ್ತಿತ್ತು. ನಮ್ಮ ಕಟಕ ರೊಟ್ಟಿ ಅವರ ಹಲ್ಲಿಗೆ ಬಗ್ಗುತ್ತಿರಲಿಲ್ಲ. ಸಾರಿನಲ್ಲಿ ಮುಳುಗಿಸಿಟ್ಟು, ಅದು ಮೆತ್ತಗಾಗುವ ತನಕ ಅತ್ತೆಯ ಜೊತೆ ಮಾತಾಡುತ್ತ ಕೂಡುತ್ತಿದ್ದರು.

"ನೌಕರಿ ಅಂದ್ರ ಏನ್ ಮಾಡ್ತಿಯವಾ ನೀ?" ಎಂದು ಅತ್ತೆ ಒಮ್ಮೆ ಕೇಳಿದರು.

"ಒಂದೇ ಕೆಲಸ ಮಾಡೋ ಬೇರೆ ಬೇರೆ ಸಂಸ್ಥೆಯವರನ್ನ ಒಂದು ಕಡೆ ಕೂರಿಸೋದು, ಅಮ್ಮ."

"ಕುಂದ್ರಸೂದು? ಅದಕ್ಕೂ ನೌಕರಿ ಅಂತಾರೇನ? ಹಂಗಾದ್ರ ನನ್ನ ಮೂರು ಮಂದಿ ನಾದಿನ್ಯಾರನ್ನ ಒಂದು ಕಡಿ ಕುಂದ್ರಸು. ಆಮ್ಯಾಲ ನಿನ್ನ ನೌಕರಿ ಖರೇ ಅಂತೀನಿ."

ಮೇಡಂ ನಕ್ಕು ನಕ್ಕು ಕೆಮ್ಮಿದರು. ಅವತ್ತಿನಿಂದ ಅತ್ತೆಯ ಬಾಯಲ್ಲಿ ಅವರು ಕುಂದ್ರಸಾಕಿ ಆದರು.

ಆಗ ನಮ್ಮ ಸುತ್ತಿನ ಖಣಿಗಳಲ್ಲಿ, ಕಲ್ಲು ತೆಗೆಯುವವರ ಗುಡಿಸಲುಗಳಿಗೆ ಮೂರು ಸಂಸ್ಥೆಗಳು ಬರುತ್ತಿದ್ದವು. ಒಂದು, ಮಕ್ಕಳಿಗೆ ಪೌಷ್ಟಿಕ ಆಹಾರದ ಪೊಟ್ಟಣ ಕೊಡುವುದು. ಇನ್ನೊಂದು, ನರ್ಸು ಡಾಕ್ಟರುಗಳನ್ನು ಕರೆತರುವುದು. ಮತ್ತೊಂದು, ಕುಡಿಯುವ ನೀರಿನ ಟಾಕಿ, ನಳ ಕೂಡಿಸಿಕೊಡುವುದು. ಖಣಿಯ ಮಂದಿ ಅವರನ್ನು ಅನ್ನದವರು, ದವಾದವರು, ನೀರಿನವರು ಎಂದೇ ಕರೆಯುತ್ತಿದ್ದರು. ಮೂವರ ಜೀಪಿನ ಬಣ್ಣ ಬೇರೆ ಬೇರೆ. ಗೋಡೆಗೆ ಅಂಟಿಸುತ್ತಿದ್ದ ಕಾಗದದ ಮಾತು ಮಾತ್ರ ಒಂದೇ: ಐದು ವರ್ಷದೊಳಗಿನ ಯಾವ ಕೂಸೂ ಹಸಿವಿನಿಂದ, ರೋಗದಿಂದ ಸಾಯಬಾರದು. ಮೂವರೂ ಮಕ್ಕಳನ್ನು ತೂಗುತ್ತಿದ್ದರು. ನೀರು ಸುಧಾರಿಸಿದರೆ ಕೂಸಿನ ತೂಕ ಏರುತ್ತದೆಂದು ಮೇಲಿನವರಿಗೆ ತೋರಿಸಬೇಕಲ್ಲ, ಹಾಗಾಗಿ ನೀರಿನವರೂ ತಮ್ಮದೊಂದು ತಕ್ಕಡಿ ತರುತ್ತಿದ್ದರು. ಮುಳ್ಳು ತಿರುಗುವ ದುಂಡು ಮುಖದ ತಕ್ಕಡಿ. ಕೆಳಗೆ ಕೂಸನ್ನು ಕೂಡಿಸುವ ಬಟ್ಟೆಯ ಜೋಳಿಗೆ.

ಆ ಬೇಸಿಗೆಯಲ್ಲಿ ಅತ್ತೆ ಹಟ ಹಿಡಿದು ಅಂಗಳಕ್ಕೆ ಫರ್ಸಿ ಹಾಕಿಸಿದರು. ರಾವೂರಿನ ಖಣಿಯಿಂದ ಗಂಡ ಹೆಂಡತಿ ಇಬ್ಬರು ಬಂದಿದ್ದರು. ಅಂಗಳದ ಬೇವಿನ ಗಿಡಕ್ಕೆ ಸೀರೆ ಕಟ್ಟಿ ಕೂಸನ್ನು ಮಲಗಿಸಿದ್ದರು. ಶಾಲೆಯಲ್ಲಿ ಪಾಠ ಮುಗಿಸಿ ಬಂದ ನಾನು ಆ ಜೋಲಿಯನ್ನು ನೋಡಿ, ಅದರಲ್ಲಿ ರೊಟ್ಟಿ ಗಂಟು ಇಟ್ಟಿದ್ದಾರೆ ಅಂದುಕೊಂಡೆ. ಅಷ್ಟು ಹಗುರ. ನಡೆಯಬೇಕಾದ ವಯಸ್ಸಿನ ಹುಡುಗಿ, ಕೂಡುವುದಕ್ಕೂ ತ್ರಾಣವಿಲ್ಲ. ಅಳಲಿಕ್ಕೂ ಬೇಸರ ಎನ್ನುವಂತೆ ಸುಮ್ಮನೆ ನೋಡುತ್ತಿತ್ತು.

ಮೇಡಂ ಮೆಟ್ಟಿಲಿಳಿದು ಬಂದವರು ಜೋಲಿಯ ಮುಂದೆ ಕೂತುಬಿಟ್ಟರು. "ಈ ಮಗೂನ ತೂಕದ ಕ್ಯಾಂಪಿಗೆ ಕರ್ಕೊಂಡು ಹೋಗಿಲ್ವಾ?"

ಆ ಹೆಣ್ಣುಮಗಳು ಕೈಯಲ್ಲಿದ್ದ ಕಲ್ಲು ಕೆಳಗಿಟ್ಟಳು. "ಯಾವ ಕ್ಯಾಂಪಿಗ್ರಿ ಬಾಯಾರ? ಸೋಮಾರದ್ದಕ್ಕೋ, ಬುಧವಾರದ್ದಕ್ಕೋ, ಶುಕ್ರವಾರದ್ದಕ್ಕೋ? ಮೂರೂ ಕಡಿ ಹೋದೆ. ಅನ್ನದವರು ತೂಗಿ ಭಾಳ ಕಮ್ಮಿ ಅದ, ಕಲಬುರಗಿ ದವಾಖಾನಿಗಿ ಒಯ್ಯಿ ಅಂದ್ರು. ದವಾದವರು ತೂಗಿ ನಡೀತದ, ಇನ್ನೊಂದು ತಿಂಗಳ ನೋಡಮು ಅಂದ್ರು. ನೀರಿನವರು ತೂಗಿ ಏನೂ ಅನ್ನಲಿಲ್ಲ, ಬರಕೊಂಡು ಹ್ವಾದ್ರು. ನಾ ಯಾರ ಮಾತು ಕೇಳ್ಬೇಕ್ರಿ? ತೂಗಿ ತೂಗಿ ಕೂಸು ದಪ್ಪ ಆಗ್ತದೇನ್ರಿ?"

ಅವಳ ಗಂಡ ತಲೆ ಎತ್ತದೆ, "ಈಗ ಜೀಪ್ ಕಂಡ್ರ ಕೂಸಿನ ತೊಗೊಂಡು ಕಲ್ಲಿನ ಹಿಂದ ಅಡಗ್ತಾಳ್ರಿ," ಅಂದ.

ಮೇಡಂ ಆ ದಿನ ಸಾರಿನಲ್ಲಿ ಹಾಕಿದ ರೊಟ್ಟಿ ನೆನೆದು ಕರಗಿಹೋದರೂ ತಿನ್ನಲಿಲ್ಲ…

ಮರುದಿನವೇ ಬೆಸುಗೆಯವರನ್ನು ಕರೆಸಿ ಗರ್ಡರಿಗೆ ಕೊಕ್ಕೆ ಹಾಕಿಸಿದರು. "ಏನವಾ, ತೊಟ್ಟಿಲಾ ಕಟ್ಟಾಕಿ ಏನು?" ಎಂದು ಅತ್ತೆ ಛೇಡಿಸಿದರು. ಮೇಡಂಗೆ ಮದುವೆಯಾಗಿರಲಿಲ್ಲ. "ಹೂಂ ಅಮ್ಮ, ಊರಿನವರ ಮಕ್ಕಳಿಗೆ," ಎಂದು ಅವರೂ ನಕ್ಕರು.

ಆ ವಾರವೇ ಮೂರೂ ಸಂಸ್ಥೆಯವರು ನಮ್ಮ ಮಾಳಿಗೆಗೆ ಬಂದರು. ನಾನು ಮಂಡಕ್ಕಿ ನೆನೆಸಿ ಸೂಸಲಾ ಒಗ್ಗರಣೆ ಹಾಕಿ ಕೊಟ್ಟೆ. ಬಾಗಿಲ ಹತ್ತಿರ ನಿಂತು ಕೇಳಿದೆ. ಕೆಟ್ಟವರು ಒಬ್ಬರೂ ಇರಲಿಲ್ಲ. ದಿನಾ ಧೂಳು ಕುಡಿದು ಸಂಜೆಗೆ ದನಿ ಬಿದ್ದುಹೋದವರೇ ಎಲ್ಲರೂ. ಆದರೆ ಪ್ರತಿಯೊಬ್ಬರಿಗೂ ಒಂದು ದೂರದ ಕಚೇರಿ, ಅದರದೊಂದು ಪದ್ಧತಿ. ನಮ್ಮ ದಿನ ಬದಲಿಸಲು ಬರುವುದಿಲ್ಲ. ನಮ್ಮ ತಕ್ಕಡಿ ಬಿಟ್ಟು ಬೇರೆಯದರಲ್ಲಿ ತೂಗಿದರೆ ಮೇಲಿನವರು ಒಪ್ಪುವುದಿಲ್ಲ…

ಮೇಡಂ ಅತ್ತೆಯನ್ನು ಕೇಳಿ ಜೋಳದ ಸಣ್ಣ ಚೀಲವೊಂದನ್ನು ತಂದರು. ಮೊದಲು ಅನ್ನದವರ ತಕ್ಕಡಿಯನ್ನು ಕೊಕ್ಕೆಗೆ ಸಿಗಿಸಿ ಚೀಲ ತೂಗಿದರು. ಆಮೇಲೆ ದವಾದವರದ್ದು. ಆಮೇಲೆ ನೀರಿನವರದ್ದು. ಜೋಳ ಅದೇ, ಕೊಕ್ಕೆ ಅದೇ. ಮುಳ್ಳು ಮೂರು ಸಲವೂ ಬೇರೆ ಬೇರೆ ಕಡೆ ನಿಂತಿತು. ಸೂಸಲಾ ಅಗಿಯುವ ಸಪ್ಪಳವೂ ನಿಂತಿತು.

ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವರು ನೀರಿನವರ ಹಿರಿಯರು, ಕಲಬುರಗಿಯವರೇ. "ನಮ್ಮದು ಜೀಪಿನ್ಯಾಗ ಕುಲುಕಿ ಕುಲುಕಿ ಹಾಳಾಗ್ಯಾದ ಅನಸ್ತದ," ಅಂದರು. ದವಾದವರ ನರ್ಸ್ ತಾಯಿ ತಮ್ಮ ತಕ್ಕಡಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಆ ಕೂಸಿಗೆ ನಡೆಯುತ್ತದೆ ಅಂದಿದ್ದು ಅವರದೇ ತಕ್ಕಡಿ.

ಅವತ್ತು ಒಂದು ತಕ್ಕಡಿ, ಒಂದು ಜಾಗ, ಒಂದು ದಿನ ಎಂದು ಒಪ್ಪಿದರು. ಜಗಳ ಉಳಿದದ್ದು ಬ್ಯಾನರಿನದು. ಯಾರ ಹೆಸರು ಮೇಲೆ? ಮೇಡಂ ಮೂರೂ ಬ್ಯಾನರುಗಳನ್ನು ಒಂದಕ್ಕೊಂದು ಹೊಲಿಸಿ, ಬಿಸಿಲಿಗೆ ಚಪ್ಪರವಾಗಿ ಕಟ್ಟಿಸಿಬಿಟ್ಟರು. ಅಕ್ಷರವೆಲ್ಲ ಆಕಾಶಕ್ಕೆ. "ಛಲೋ ಆತು ಬಿಡು, ಕಾಗಿ ಓದ್ತಾವ," ಎಂದು ಅತ್ತೆ ನಕ್ಕರು.

ಆದರೆ ಮೇಡಂ ಅವರೂ ಒಂದು ತಪ್ಪು ಮಾಡಿದರು. ದಿನ ಗೊತ್ತುಮಾಡುವಾಗ, ಎಲ್ಲರಿಗೂ ರಜೆ ಇರುತ್ತದೆಂದು ಭಾನುವಾರ ಇಟ್ಟರು. ಭಾನುವಾರ ರಾವೂರಿನ ದಾರಿಯಲ್ಲಿ ಚಪ್ಪರ, ಮೂರು ಜೀಪು, ಪೊಟ್ಟಣದ ರಾಶಿ, ತೂಗಾಡುವ ತಕ್ಕಡಿ ಎಲ್ಲವೂ ಇದ್ದವು. ಕೂಸು ಒಂದೂ ಬರಲಿಲ್ಲ. ಮಧ್ಯಾಹ್ನದ ತನಕ ಕಾದು, ನೀರಿನವರ ಹಿರಿಯರು ಜೋಳಿಗೆಯನ್ನು ಎಳೆದು ನೋಡಿ, "ಮೇಡಂ, ನಾವೇ ಒಬ್ಬೊಬ್ಬರು ಕುಂತು ತೂಗಿಸಿಕೊಳ್ಳೋಣೇನ್ರಿ?" ಅಂದರಂತೆ. ಇದೆಲ್ಲ ಆಗುವುದಲ್ಲ ಎಂದು ಅನ್ನದವರು ಜೀಪು ಹತ್ತಿದರು.

ನಮ್ಮ ಕಡೆ ಕಲ್ಲಿನ ಕೆಲಸಕ್ಕೆ ಭಾನುವಾರ ಸೂಟಿ ಇರುವುದಿಲ್ಲ. ಇದು ನನಗೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳಬೇಕೆಂದು ಹೊಳೆಯಲಿಲ್ಲ, ಕೇಳಬೇಕೆಂದು ಅವರಿಗೂ ಹೊಳೆಯಲಿಲ್ಲ. ಸೋಮವಾರ ಮೇಡಂ ತಾವೇ ಖಣಿಗೆ ಹೋದರು. ಜೀಪು ದೂರ ನಿಲ್ಲಿಸಿ ನಡೆದುಕೊಂಡು ಹೋದರು, ಕೂಸಿನ ತಾಯಿ ಅಡಗಿಕೊಳ್ಳದಿರಲೆಂದು. ಸಂಜೆ ಮೈಯೆಲ್ಲ ಬಿಳಿ ಧೂಳಾಗಿ ಬಂದು ಅಂಗಳದಲ್ಲಿ ಕೂತು, "ಅಮ್ಮ, ಸಂತೆ ದಿನ ಕಣಮ್ಮ! ಸಂತೆ ದಿನ ಅವರಿಗೆ ರಜ. ಎಲ್ಲ ಸಂತೆಗೇ ಬರ್ತಾರೆ," ಅಂದರು.

"ಅದಕ್ಕ ಖಣಿಗಿ ಹೋಗಿದ್ದೇನ? ನನಗ ಕೇಳಿದ್ರ ಚಹಾ ಕುಡಿಯೋದ್ರಾಗ ಹೇಳ್ತಿದ್ದೆ."

"ನಿಮ್ಮನ್ನ ಕೇಳಿದ್ರೆ ದಿನ ಗೊತ್ತಾಗ್ತಿತ್ತು. ಅವರು ಬರ್ತಾರೋ ಇಲ್ವೋ ಗೊತ್ತಾಗ್ತಿರಲಿಲ್ಲ," ಅಂದರು ಮೇಡಂ. ಅತ್ತೆ ಎದ್ದು ಹೋಗಿ ಸ್ನಾನಕ್ಕೆ ನೀರು ಕಾಸಿದರು.

ಅನ್ನದವರನ್ನು ಮತ್ತೆ ಹೇಗೆ ಒಪ್ಪಿಸಿದರೋ ನನಗೆ ತಿಳಿಯದು. ಸಂತೆಯ ದಿನ ಬಳೆಗಾರರ ಸಾಲಿನ ಪಕ್ಕ, ಬೇವಿನ ಗಿಡದ ಕೆಳಗೆ ಚಪ್ಪರ ಎದ್ದಿತು. ಶಾಲೆ ಬಿಟ್ಟು ನಾನೂ ಹೋದೆ. ಹೆಣ್ಣುಮಕ್ಕಳು ಒಂದು ಬಗಲಲ್ಲಿ ಕಾಯಿಪಲ್ಯದ ಚೀಲ, ಇನ್ನೊಂದು ಬಗಲಲ್ಲಿ ಕೂಸು ಹಿಡಿದು ಬರುತ್ತಲೇ ಇದ್ದರು. ನಮ್ಮ ಅಂಗಳಕ್ಕೆ ಫರ್ಸಿ ಹಾಕಿದವಳು ಮಾತ್ರ ಕಾಣಲಿಲ್ಲ. ಮೇಡಂ ದಾರಿಯನ್ನೇ ನೋಡುತ್ತಿದ್ದರು. ಬಿಸಿಲು ಇಳಿಯತೊಡಗಿದಾಗ ಅವಳು ಬಂದಳು. ಕೂಸಿಗೆ ಬೆಳಗಿನಿಂದ ವಾಂತಿ ಭೇದಿ. ಖಣಿಯ ಹೊಂಡದ ನೀರು ಕುಡಿದು ಗುಡಿಸಲುಗಳ ಎಲ್ಲ ಮಕ್ಕಳಿಗೂ ಹಾಗೆಯೇ ಆಗುತ್ತಿತ್ತಂತೆ.

ತಕ್ಕಡಿ ಈಗ ಒಂದೇ, ಅದು ಹೇಳಿದ್ದೂ ಒಂದೇ ಮಾತು. ನರ್ಸ್ ತಾಯಿ ಕೂಸನ್ನು ಜೋಳಿಗೆಯಿಂದ ಎತ್ತಿ ಎದೆಗವಚಿಕೊಂಡು, "ಈಗಿಂದೀಗ ಕಲಬುರಗಿಗಿ ಒಯ್ಯಬೇಕು," ಅಂದರು. ಅವರ ಜೀಪು ಆ ದಿನ ಚಿಂಚೋಳಿ ಕಡೆ ಕುಂಚಾವರಂಗೆ ಹೋಗಿತ್ತು. ಅನ್ನದವರು ಪೊಟ್ಟಣದ ಲಾರಿಯಲ್ಲಿ ಬಂದಿದ್ದರು, ಅದೂ ಹೊರಟುಹೋಗಿತ್ತು. ನಿಂತಿದ್ದದ್ದು ನೀರಿನವರ ಜೀಪು ಒಂದೇ. ಬೇರೆ ಸಂಸ್ಥೆಯ ಮಂದಿಯನ್ನು, ರೋಗಿಯನ್ನು ಹತ್ತಿಸಬಾರದೆಂದು ಅವರಲ್ಲಿ ಕಟ್ಟುನಿಟ್ಟು. ಹಿರಿಯರು ಕಚೇರಿಗೆ ಫೋನ್ ಹಚ್ಚಿದರು. ಅದು ರಿಂಗ್ ಆಗುತ್ತಲೇ ಇತ್ತು, ಆ ಕಡೆ ಯಾರೂ ಎತ್ತಲಿಲ್ಲ. ಅವರು ಒಮ್ಮೆ ಕೂಸನ್ನು ನೋಡಿದರು, ಒಮ್ಮೆ ಮೇಡಂ ಅವರನ್ನು ನೋಡಿದರು. ಹಿರಿಯರು ಫೋನನ್ನು ಕಿಸೆಗೆ ಹಾಕಿಕೊಂಡು ಜೀಪಿನ ಹಿಂದಿನ ಬಾಗಿಲು ತೆರೆದು ಹೇಳಿದರು: "ಹತ್ತವಾ ತಂಗಿ, ಜಲ್ದಿ ಹತ್ತು. ಕೇಳ್ದವ್ರಿಗಿ ನಾ ಹೇಳ್ಕೋತೀನಿ."

ನೀರಿನವರ ಜೀಪಿನಲ್ಲಿ ದವಾದವರ ನರ್ಸು, ಕಾಲಡಿಗೆ ಅನ್ನದವರ ಪೊಟ್ಟಣ, ನಡುವೆ ಆ ಕೂಸು. ಆ ಜೀಪು ಸಂತೆಯ ಮಂದಿಯನ್ನು ಸೀಳಿಕೊಂಡು ಹೋದದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮೇಡಂ ಚಪ್ಪರದ ಕಂಬ ಹಿಡಿದು ನಿಂತಿದ್ದರು. ಆಮೇಲೆ ಮೆಲ್ಲಗೆ, "ಕೂತ್ರು ನೋಡಿ," ಅಂದರು.

ಕೂಸು ಉಳಿಯಿತು. ದವಾಖಾನೆಯಲ್ಲಿ ಬಹಳ ದಿನ ಇರಬೇಕಾಯಿತು. ಅದು ಮರಳಿ ಬರುವಷ್ಟರಲ್ಲಿ ಗುಡಿಸಲುಗಳ ಹತ್ತಿರ ನೀರಿನ ಟಾಕಿ ನಿಂತಿತ್ತು. ಸಂತೆಯ ಕ್ಯಾಂಪು ಶಹಾಬಾದಿನ ಕಡೆಗೂ ಮಳಖೇಡದ ಕಡೆಗೂ ಹಬ್ಬಿತು. ಜಗಳಗಳು ನಿಲ್ಲಲಿಲ್ಲ. ನಮ್ಮ ಮಾಳಿಗೆಯಲ್ಲಿ ಎಷ್ಟೋ ಸಂಜೆ ದನಿಗಳು ಏರುತ್ತಿದ್ದವು, ಸೂಸಲಾ ಮುಗಿಯುವ ಹೊತ್ತಿಗೆ ಇಳಿಯುತ್ತಿದ್ದವು.

ಮುಂದೆ ಎಲ್ಲೋ ದೂರದ ದೇಶದಲ್ಲಿ ನೆರೆ ಬಂದು ಮೇಡಂಗೆ ಅಲ್ಲಿಗೆ ಕರೆ ಬಂತು. ಹೋಗುವ ದಿನ ಕಟಕ ರೊಟ್ಟಿಯನ್ನು ನೆನೆಸದೆ ಕಡಿದು ತಿಂದು ತೋರಿಸಿದರು. ಅತ್ತೆ ಒಂದು ಚೀಲದ ತುಂಬ ರೊಟ್ಟಿ ಕಟ್ಟಿಕೊಟ್ಟರು. ಹಬ್ಬಕ್ಕೆ ಫೋನ್ ಬರುತ್ತಿತ್ತು. ಆಮೇಲೆ ಯಾವಾಗಲೋ ಒಮ್ಮೆ. ಆಮೇಲೆ…

ಹೋದ ವರ್ಷ ನೀರಿನವರ ಹಿರಿಯರು ತಾವಾಗಿ ಮನೆಗೆ ಬಂದು ಹೇಳಿದರು. ಕಾಯಿಲೆಯಾಗಿ ಮೈಸೂರಿನ ತಂಗಿಯ ಮನೆಯಲ್ಲಿ ಮೇಡಂ ತೀರಿಕೊಂಡಿದ್ದರು. ಅತ್ತೆಗೆ ಈಗ ಕಿವಿ ಮಂದ. ಗಟ್ಟಿಯಾಗಿ ಹೇಳಬೇಕಾದ ಮಾತು ಅದಲ್ಲ, ಆದರೂ ಗಟ್ಟಿಯಾಗಿ ಹೇಳಿದೆ. ಅವರು ಅಂಗಳದ ಫರ್ಸಿಯ ಮೇಲೆ ಕೈಯಾಡಿಸಿದರು. "ಕುಂದ್ರಸಾಕಿ ಎದ್ದು ಹೋದಳು," ಅಂದರು. ಹಿರಿಯರ ಕಡೆ ತಿರುಗಿ ಕೇಳಿದರು: "ಕುಂತವರು ಎದ್ದಿಲ್ಲಲ್ಲಪ?"

"ಇಲ್ಲ್ರಿ ಯವ್ವಾ," ಅಂದರು ಅವರು.

ಅದು ಖರೆ. ಮೂರು ಸಂಸ್ಥೆಗಳಲ್ಲಿ ಎರಡು ಈಗ ಬೇರೆ ಕಡೆ ಹೋಗಿವೆ. ಆದರೆ ಸಂತೆಯ ದಿನ ಬೇವಿನ ಗಿಡದ ಕೆಳಗೆ ಅಂಗನವಾಡಿಯವರು, ದವಾಖಾನೆಯವರು, ಪಂಚಾಯಿತಿಯ ನೀರಿನ ಮಂದಿ ಒಟ್ಟಿಗೆ ಕೂಡುತ್ತಾರೆ. ಮೊನ್ನೆ ಅಲ್ಲಿ, ನಮ್ಮ ಅಂಗಳಕ್ಕೆ ಫರ್ಸಿ ಹಾಕಿದ ಆ ಹೆಣ್ಣುಮಗಳು ಸಿಕ್ಕಿದಳು. ಜೊತೆಗೆ ಅವಳಷ್ಟೇ ಎತ್ತರದ ಹುಡುಗಿ, ಬಳೆಗಾರನ ಜೊತೆ ಚೌಕಾಶಿ ಮಾಡುತ್ತ ಜೋರು ದನಿ ತೆಗೆದಿದ್ದಳು. ಅವ್ವ ನಾಚಿಕೊಂಡು, "ಬಾಯಿ ಭಾಳ ಆಗ್ಯಾದ್ರಿ ಇಕಿದು," ಅಂದಳು. ಆಗಲಿ ಬಿಡು, ಅಂದೆ ನಾನು.

ಚಹಾ ತೆಗೆದುಕೊಂಡು ಮತ್ತೆ ಮಾಳಿಗೆ ಹತ್ತಿದೆ. ನೆಲ ಅರ್ಧ ಆರಿತ್ತು, ವಾಸನೆ ಇನ್ನೂ ಇತ್ತು. ಹೀಗೆ ವಾಸನೆ ಹಿಡಿದು ನಿಲ್ಲುವವರು ಈ ಬಾಗಿಲಲ್ಲಿ ಇನ್ನು ಯಾರೂ ಇಲ್ಲ.

"ಕೊಕ್ಕಿ ಏನ್ ಮಾಡ್ಲಿರಿ ಅಕ್ಕೋರ?" ಎಂದು ಬಣ್ಣದ ಅಣ್ಣ ಮತ್ತೆ ಕೇಳಿದ.

"ಇರ್ಲಿ ಬಿಡಪ್ಪಾ, ಅದರ ಸುತ್ತ ಬಳಿ."

ಅವನು ಕೊಕ್ಕೆಯನ್ನು ಜಗ್ಗಿ ನೋಡಿದ. ತುಕ್ಕಿನ ಪುಡಿ ಸ್ವಲ್ಪ ಉದುರಿತು. ಆಮೇಲೆ ಬಣ್ಣ ತುಂಬಿದ ಡಬ್ಬಿಯನ್ನು ಅದಕ್ಕೇ ಸಿಗಿಸಿ, ಎರಡೂ ಕೈ ಬಿಟ್ಟು ಚಹಾ ತೆಗೆದುಕೊಂಡ. ಡಬ್ಬಿ ಸ್ವಲ್ಪ ಹೊತ್ತು ಆ ಕಡೆ ಈ ಕಡೆ ತೂಗಿ, ನಿಂತಿತು.

"ಗಟ್ಟಿ ಅದ ಬಿಡ್ರಿ," ಅಂದ ಅವನು.