ಶಿರಾಓಯಿಗೆ ಹೊತ್ತು ಹೋದ ಓರ್ಕಾ ರೆಕ್ಕೆ

ಶನಿವಾರ ಬೆಳಿಗ್ಗೆ ಹಾನೆದಾ ವಿಮಾನ ನಿಲ್ದಾಣದಲ್ಲಿ ವಿಮಾನ ಹತ್ತಿದಾಗ ನನ್ನ ಕೈಚೀಲದಲ್ಲಿ ಒಂದು ಸ್ಟಿಕರ್ ಇತ್ತು. ಅಲ್ಲೇ ಹತ್ತಿರದ ಮಿನಾಟೋದಲ್ಲಿರುವ ನಮ್ಮ ಪುಟ್ಟ ಕಂಪನಿ ಕಡಲಿಗಿಳಿಸಿ ಸುನಾಮಿ ಅಲೆ ಅಳೆಯುವ ಯಂತ್ರ ಮಾಡುತ್ತದೆ. 2011ರ ಭೂಕಂಪದ ನಂತರ ಶುರುವಾದ ಕೆಲಸ. ಯಂತ್ರಕ್ಕೆ ಅಂಟಿಸುವ ಆ ಸ್ಟಿಕರ್‌ನ ಲಾಂಛನಕ್ಕೆ ನಾನು ಓರ್ಕಾ ತಿಮಿಂಗಿಲದ ಬೆನ್ನುರೆಕ್ಕೆ ಬರೆದಿದ್ದೆ. ಹಿಂದಿನ ವರ್ಷ ಉತ್ತರದ ಹೊಕ್ಕೈಡೋ ದ್ವೀಪದ ಶಿರಾಓಯಿಯಲ್ಲಿ, ಐನೂ ಮೂಲನಿವಾಸಿ ಕೆತ್ತನೆಗಾರ ಹಮಾದಾ ಸಾನ್ ಅವರ ಅಂಗಡಿಯ ಗೋಡೆಯಲ್ಲಿ ಕಂಡ ಮರದ ಪಟ್ಟಿಯ ಮೇಲಿನ ಕೆತ್ತನೆಯ ಗೆರೆಯನ್ನೇ ನಕಲಿಳಿಸಿದ್ದೆ. "ಅವರನ್ನು ಕೇಳಿದ್ದೀರಾ?" ಎಂದು ಸಹೋದ್ಯೋಗಿಯೊಬ್ಬರು ವಿಚಾರಿಸಿದ ಮೇಲೆ, ಕ್ಷಮೆ ಕೇಳಲು ಅವರ ಬಳಿಗೇ ಹೊರಟಿದ್ದೆ.

"ಒಂದ್ ಮೇಲ್ ಹಾಕಿದ್ರೆ ಸಾಕಿತ್ತಲ್ವಾ?" ಅಂದರು ಜೊತೆಗೆ ಬಂದಿದ್ದ ಗಂಡ ರಘು.

"ಏನಂತ ಬರೀಲಿ? ಪ್ರಿಂಟೇ ಆಗೋಗಿದೆ ರೀ."

ಹೊಕ್ಕೈಡೋದ ಚಿತೋಸೆ ವಿಮಾನ ನಿಲ್ದಾಣದಲ್ಲಿ ಇಳಿದು, ತೊಮಾಕೊಮಾಯ್‌ನಲ್ಲಿ ರೈಲು ಬದಲಿಸಿದೆವು. ಹೊರಗೆ ಜಿಟಿಜಿಟಿ ಮಳೆ. ಮೇ ತಿಂಗಳಲ್ಲೂ ಸ್ವೆಟರ್ ಬೇಕೆನಿಸುವ ಚಳಿ. ಕೊಂಬಿನಿ ಅಂಗಡಿಯಲ್ಲಿ ಕೊಂಡ ಅನ್ನದುಂಡೆ ಎರಡನ್ನೂ ರಘು ತಿಂದರು. ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಹಮಾದಾ ಸಾನ್ ಎಪ್ಪತ್ತು ದಾಟಿದವರು, ಅಂಗಡಿಯಲ್ಲಿ ಕೆತ್ತುತ್ತ ಕೂತಿದ್ದರು. "ಸುಮಿಮಾಸೆನ್", ಕ್ಷಮಿಸಿ, ಎಂದು ಬಗ್ಗಿ, ನಡೆದದ್ದನ್ನೆಲ್ಲ ಹೇಳಿ, ಸ್ಟಿಕರ್ ಮುಂದಿಟ್ಟೆ. ಅವರು ಉಳಿ ಕೆಳಗಿಟ್ಟು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು.

"ಇದು ಚಿತ್ರವಲ್ಲ," ಎಂದರು ಕೊನೆಗೆ. "ಓರ್ಕಾ ನಮಗೆ ರೆಪುನ್ ಕಾಮುಯ್, ನಡುಗಡಲಿನ ದೇವರು. ತಿಮಿಂಗಿಲಗಳನ್ನು ದಡಕ್ಕೆ ಅಟ್ಟಿ ನಮ್ಮ ಹಿರಿಯರಿಗೆ ಊಟ ಕೊಟ್ಟವನು. ಪೂಜೆಯಲ್ಲಿ ದೇವರಿಗೆ ಮದ್ಯ ಅರ್ಪಿಸುವ ಪಟ್ಟಿಯ ಮೇಲೆ ಅವನ ರೆಕ್ಕೆ ಕೆತ್ತುತ್ತೇವೆ, ಒಂದೊಂದು ಮನೆಯದು ಒಂದೊಂದು ಬಗೆ. ಅರ್ಪಿಸಿದವರು ಯಾವ ಮನೆಯವರು ಅಂತ ದೇವರಿಗೆ ಗೊತ್ತಾಗೋದು ಅದರಿಂದಲೇ. ಇದು ನನ್ನ ಅಜ್ಜನ ಗುರುತು."

ಅಂದರೆ ನಾನು ಕದ್ದದ್ದು ಒಂದು ಮನೆತನದ ರುಜು.

"ಜನರ ಜೀವ ಉಳಿಸೋ ಯಂತ್ರ ಅದು..." ರಘು ತಡವರಿಸಿದರು.

"ಒಳ್ಳೆಯ ಕೆಲಸ. ಆದರೆ ನಮ್ಮ ಹೆಸರಲ್ಲಿ ಕಡಲಿಗೆ ಇಳಿಸಬೇಡಿ. ನಾಳೆ ಅದು ಕೆಟ್ಟರೆ, ದೇವರು ಉತ್ತರ ಕೇಳೋದು ನಮ್ಮನ್ನ."

ಚಹಾ ಕೊಟ್ಟರು. ಕೋಪವಿತ್ತೋ ಇಲ್ಲವೋ, ಮುಖ ನೋಡಿದರೆ ತಿಳಿಯಲಿಲ್ಲ. ಸ್ಟಿಕರ್ ಮಾತ್ರ ಹಿಂದಿರುಗಿಸಲಿಲ್ಲ.

ನಿಲ್ದಾಣದಿಂದಲೇ ಮೇಲಧಿಕಾರಿ ಮೋರಿ ಸಾನ್‌ಗೆ ಫೋನ್ ಮಾಡಿದೆ. "ಸೋಮವಾರ ಯಂತ್ರಗಳನ್ನ ಹಡಗಿಗೆ ಏರಿಸಬೇಕಲ್ಲ!" ಎಂದರು. ಹಮಾದಾ ಸಾನ್ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಆಮೇಲೆ, "ಸ್ಟಿಕರ್ ಕಿತ್ತುಬಿಡಿ," ಎಂದರು.

ಭಾನುವಾರ ನಾವಿಬ್ಬರೂ ಮರಳಿ ಕಂಪನಿಯ ಗೋದಾಮಿಗೆ ಹೋಗಿ, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಆರು ಯಂತ್ರಗಳ ಸ್ಟಿಕರ್ ಸುಲಿದೆವು. ಕೊನೆಯದರ ಮೇಲೆ ಅಂಟಿನ ಕಲೆ ರೆಕ್ಕೆಯ ಆಕಾರದಲ್ಲೇ ಉಳಿಯಿತು.

"ಬಿಡು, ನೀರೊಳಗೆ ಯಾರು ನೋಡ್ತಾರೆ?" ಅಂದರು ರಘು.

ನಾನು ಬಟ್ಟೆಗೆ ಸ್ಪಿರಿಟ್ ಸುರಿದುಕೊಂಡು ಮತ್ತೆ ಉಜ್ಜತೊಡಗಿದೆ.