ಜೇಬೆಜ್ ಹೊಡೆಯದ ಗೂಟ

ನಮ್ಮೂರ ಇಗರ್ಜಿಯಲ್ಲಿ ಹೆಣಗಳಿಗೆ ಗುಂಡಿ ತೋಡುವ ಜೇಬೆಜ್ ಪೆಟಿಟ್ ನಾಲ್ಕು ದಾರಿ ಕೂಡುವ ಜಾಗಕ್ಕೆ ಕಾಲಿಡುತ್ತಿರಲಿಲ್ಲ. ಸಂತೆಗೂ ಹೊಲ ಸುತ್ತಿಕೊಂಡೇ ಹೋಗುವನು. ಹರೆಯದಲ್ಲಿ ಅಲ್ಲಿ, ನೇಣು ಹಾಕಿಕೊಂಡ ಹುಡುಗಿಯೊಬ್ಬಳ ಎದೆಗೆ ಅವನೇ ಗೂಟ ಹೊಡೆದಿದ್ದ. ಬುದ್ಧಿ ನೆಟ್ಟಗಿದ್ದೂ ತಾವಾಗಿ ಪ್ರಾಣ ಕಳೆದುಕೊಂಡವರಿಗೆ ಇಗರ್ಜಿಯ ಮಣ್ಣಿಲ್ಲ, ನಾಲ್ಕು ದಾರಿ ಕೂಡುವಲ್ಲೇ ಹೂಳಬೇಕು. ಗೂಟ ಹೊಡೆಯದಿದ್ದರೆ ಎದ್ದು ಬರುತ್ತಾರೆ, ಎದ್ದರೂ ನಾಲ್ಕು ದಾರಿಯಲ್ಲಿ ಮನೆಯ ದಾರಿ ಸಿಗುವುದಿಲ್ಲ ಎಂದು ಹಿರಿಯರ ಮಾತು. ಅವಳೇನೂ ಎದ್ದು ಬರಲಿಲ್ಲ. ನಿದ್ದೆಗೆಟ್ಟವನು ಜೇಬೆಜ್.

೧೮೨೧ರ ಜೂನಿನಲ್ಲಿ ಅವನ ಜೀವದ ಗೆಳೆಯ, ಜೇನು ಸಾಕುವ ಏಮೋಸ್, ಗಿರಣಿಯ ಕೆರೆಗೆ ಬಿದ್ದು ಸತ್ತ. ಕಾಲು ಜಾರಿದ ಎನ್ನೋಣವೆಂದರೆ ಕೋಟಿನ ಜೇಬು ತುಂಬ ಕಲ್ಲು! ಹೆಣವನ್ನು ಹೆಂಡದಂಗಡಿಯ ಮೇಜಿನ ಮೇಲೆ ಮಲಗಿಸಿ, ಊರಿನ ಹನ್ನೆರಡು ಪಂಚರು ವಿಚಾರಣೆಗೆ ಕುಳಿತೆವು. ಬೂಟು ಹೊಲಿಯುವ ನಾನೂ ಒಬ್ಬ. ಹುಚ್ಚಿನಲ್ಲಿ ಸತ್ತ ಎಂದರೆ ಇಗರ್ಜಿ, ಇಲ್ಲವಾದರೆ ನಾಲ್ಕು ದಾರಿ. ನಮ್ಮ ಬಡಗಿಗೆ ಎಲ್ಲದರಲ್ಲೂ ಅವಸರ. ಆಗಲೇ ಗೂಟ ಕೆತ್ತಿ ಬಾಗಿಲಿಗೆ ಒರಗಿಸಿದ್ದ. ಜೇಬೆಜ್ ಅದನ್ನೇ ನೋಡುತ್ತಾ ಸಾಕ್ಷಿ ಹೇಳಿದ.

"ಅವತ್ತು ಬೆಳಿಗ್ಗೆ ಏಮೋಸ್ ಮನೆ ಬೀಗದಕೈಯಿಂದ ಜೇನುಗೂಡು ತಟ್ಟಿದ ಸ್ವಾಮಿ. 'ನಿಮ್ಮ ಯಜಮಾನ ಸತ್ತೋದ' ಅಂದ. ನಾನು ತಮಾಷೆ ಅಂದ್ಕೊಂಡು ನಕ್ಕುಬಿಟ್ಟೆ."

ಯಜಮಾನ ಸತ್ತಾಗ ಮನೆಯವರು ಹೀಗೆ ತಿಳಿಸದಿದ್ದರೆ ಜೇನು ಗೂಡು ಬಿಟ್ಟು ಹೋಗುತ್ತದೆ. ಆದರೆ ಬದುಕಿರುವವನೇ ಹೋಗಿ ಹೇಳುವುದೇ?

ವಿಚಾರಣೆ ನಡೆಸಲು ಪಟ್ಟಣದಿಂದ ಬಂದಿದ್ದ ಅಧಿಕಾರಿ ಲೇಖನಿ ಎತ್ತಿದ. "ಹಾಗಾದ್ರೆ ಎಲ್ಲ ಮೊದಲೇ ಯೋಚಿಸಿದ್ದ. ಬುದ್ಧಿ ನೆಟ್ಟಗೇ ಇತ್ತು."

ಜೇಬೆಜನ ಮುಖ ಬಿಳುಚಿತು. ತನ್ನ ಮಾತೇ ಗೆಳೆಯನನ್ನು ನಾಲ್ಕು ದಾರಿಗೆ ತಳ್ಳಿತೆಂದು ಅವನಿಗೆ ಆಗ ಹೊಳೆಯಿತು.

ಆಗ ನಮ್ಮ ಮುಖ್ಯಸ್ಥ, ಕಮ್ಮಾರ ನಾಲರ್, ಮೇಜು ಗುದ್ದಿದ. "ನೆಟ್ಟಗಾ? ಹೆಂಡ್ತಿಗೆ ಸುಳ್ಳು ಹೇಳ್ತೀವಿ, ಪಾದ್ರಿಗೂ ಹೇಳ್ತೀವಿ. ಜೇನಿಗೆ ಸುಳ್ಳು ಹೇಳೋನು ಎಲ್ಲಾದ್ರೂ ಇದಾನಾ ಸ್ವಾಮಿ? ಇವ್ನು ಶುದ್ಧ ಹುಚ್ಚ!"

"ಹೌದೌದು, ಹುಚ್ಚ!" ಎಂದೆವು ಹನ್ನೊಂದು ಮಂದಿ. ಅಷ್ಟು ಸಂತೋಷದಿಂದ ನಾವು ಯಾರನ್ನೂ ಬೈದಿರಲಿಲ್ಲ. ಅಧಿಕಾರಿ ನಮ್ಮೆಲ್ಲರನ್ನೂ ಒಂದು ಸಲ ನೋಡಿ, ಹುಚ್ಚಿನಲ್ಲಿ ಸತ್ತ ಎಂದೇ ಬರೆದುಕೊಂಡ.

ಜೇಬೆಜ್ ಅಲ್ಲೇ ನೆಲದ ಮೇಲೆ ಕುಳಿತು ಗಳಗಳನೆ ಅತ್ತ. ಹೋದ ಜೀವ ಬಂದಂತಾಗಿತ್ತು ಅವನಿಗೆ.

ಮರುದಿನ ಹಾಡುಹಗಲೇ, ಗಂಟೆ ಬಾರಿಸಿ, ಏಮೋಸನನ್ನು ಇಗರ್ಜಿಯ ಗೋಡೆಯೊಳಗೆ ಮಣ್ಣು ಮಾಡಿದೆವು. ಆಮೇಲೆ ಜೇಬೆಜ್ ಆ ಗೂಟವನ್ನು ಎರಡಾಗಿ ಕೊಯ್ದು, ಏಮೋಸನ ಹೆಂಡತಿ ತಿರ್ಜಾಳ ಹಿತ್ತಲಲ್ಲಿ ವಾಲಿದ್ದ ಜೇನುಗೂಡಿಗೆ ಆಸರೆ ಕೊಟ್ಟ. ಅವಳಿಂದ ಬೀಗದಕೈ ಇಸಿದುಕೊಂಡು ಮೂರು ಸಲ ತಟ್ಟಿದ.

"ನಿಮ್ಮ ಯಜಮಾನ ಸತ್ತೋದ ಕಣ್ರಪ್ಪಾ. ಈ ಸಲ ನಿಜ. ಇಲ್ಲೇ ಇಗರ್ಜೀಲಿ ಮಲಗಿದಾನೆ, ದಾರೀಲಲ್ಲ."