ನಾಲಿಗೆಯ ಸಾಕ್ಷಿ

ಬ್ಯಾಕ್ಟೀರಿಯಾಗಳಿಗೂ ಅಡುಗೆಯವರಿರುತ್ತಾರೆ ಎಂದರೆ ಜನ ನಗುತ್ತಾರೆ. ಗಂಜಿಯಕ್ಕನಿಗೆ ಅದೇ ಕೆಲಸ. ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಉಪ್ಪುಗಳನ್ನು ತೂಗಿ, ಸಕ್ಕರೆ ಬೆರೆಸಿ, ಗಾಜಿನ ಫ್ಲಾಸ್ಕುಗಳಿಗೆ ತುಂಬಿ, ಬಾಯಿಗೆ ಹತ್ತಿ ತುರುಕಿ, ಆಳೆತ್ತರದ ಕುಕ್ಕರಿನಲ್ಲಿ ಹಬೆಗೆ ಇಡುವುದು. ಇಪ್ಪತ್ತೆರಡು ವರ್ಷಗಳಲ್ಲಿ ಆಕೆಯ ಗಂಜಿ ಕುಡಿದ ಜೀವಗಳಿಗೆ ಲೆಕ್ಕವಿಲ್ಲ. ಚೆನ್ನಾಗಿದೆ ಎಂದು ಒಂದೂ ಹೇಳಿರಲಿಲ್ಲ. ಕೆಟ್ಟಿದೆ ಎಂದೂ ಹೇಳಿರಲಿಲ್ಲ.

ಮೊದಲ ದೂರು ತಂದವಳು ಮೇಲಿನ ಮಹಡಿಯ ಸಂಶೋಧಕಿ.

"ಅಕ್ಕಾ, ಬರೀ ಹಾಲಿನ ಸಕ್ಕರೆ ಹಾಕಿ ಅಂದಿದ್ದೆ. ನೀವು ಗ್ಲೂಕೋಸ್ ಬೆರೆಸಿದ್ದೀರಿ."

"ಇಲ್ಲಮ್ಮ."

"ಇಲ್ಲ ಅಂದ್ರೆ ಇದೇನು?"

ಅವಳು ಹಿಡಿದ ಕಾಗದದಲ್ಲಿ ಬ್ಯಾಕ್ಟೀರಿಯಾ ಬೆಳೆದದ್ದನ್ನು ತೋರಿಸುವ ಗೆರೆಯೊಂದು ಸ್ವಲ್ಪ ದೂರ ಏರಿ, ನಲವತ್ತು ನಿಮಿಷ ಅಲ್ಲಾಡದೆ ನಿಂತು, ಮತ್ತೆ ಏರಿತ್ತು.

"ಮೆಟ್ಟಿಲು ಹತ್ತಿ ಸುಸ್ತಾಗಿರ್ಬೇಕು," ಎಂದಳು ಗಂಜಿಯಕ್ಕ.

ಸಂಶೋಧಕಿ ನಗಲಿಲ್ಲ. ಆದರೆ ಸಿಟ್ಟಿನಲ್ಲೂ ಪಾಠ ಹೇಳದೆ ಇರಲಾರದ ಜೀವ ಅದು; ಅಲ್ಲೇ ಸ್ಟೂಲಿನ ಮೇಲೆ ಕೂತಳು.

"ಈ ಜೀವದ ಮೈಯೊಳಗೆ ಎಲ್ಲಾ ಕೆಲಸಕ್ಕೂ ಒಂದು ಪುಸ್ತಕ ಇದೆ ಅಕ್ಕ, ವಂಶವಾಹಿ ಅಂತೀವಲ್ಲ ಅದು. ಬೇಕಾದ ಪುಟದ ನಕಲು ತೆಗೆದು ಕೆಲಸ ಮಾಡುತ್ತೆ. ಹಾಲಿನ ಸಕ್ಕರೆ ಒಡೆಯೋ ಪುಟದ ಮೇಲೆ ಒಂದು ಪ್ರೋಟೀನ್ ಕೂತಿರುತ್ತೆ, ನಕಲಿಗೆ ಬಿಡಲ್ಲ. ಹಾಲಿನ ಸಕ್ಕರೆ ಬಂದ್ರೆ ಎದ್ದು ಜಾಗ ಬಿಡುತ್ತೆ. ಆದ್ರೂ ಗ್ಲೂಕೋಸ್ ಇರೋವರೆಗೆ ನಕಲು ಚುರುಕಾಗಲ್ಲ. ಅದು ಖಾಲಿ ಆದ್ಮೇಲೆ ನಕಲು ತೆಗೆದು, ಒಡೆಯೋ ಸಾಮಾನು ಮಾಡ್ಕೊಂಡು, ಆಮೇಲೆ ಊಟ. ಈ ನಲವತ್ತು ನಿಮಿಷ ಅದೇ."

"ನಮ್ಮತ್ತೇನೂ ಹಾಗೇ. ತಟ್ಟೇಲಿ ಸಿಹಿ ಇದ್ರೆ ಪಲ್ಯದ ಕಡೆ ತಿರುಗಿ ನೋಡಲ್ಲ. ಪಕ್ಕದ ಕೋಣೆಯವರು ಬೆಳೆಸೋ ಯೀಸ್ಟಿಗೂ ಹೀಗೇನಾ?"

"ಅದಕ್ಕೆ ಕಾವಲಿನವರು ಬೇರೆ, ಅನುಮತಿಗಳೂ ಜಾಸ್ತಿ. ನಮ್ಮ ಮೈಯಲ್ಲಂತೂ ಇನ್ನೂ ರಗಳೆ. ಕಣ್ಣಲ್ಲೂ ಕರುಳಲ್ಲೂ ಅದೇ ಪುಸ್ತಕ, ತೆರೆಯೋ ಪುಟ ಬೇರೆ ಬೇರೆ. ಹಾಲಿನ ಸಕ್ಕರೆ ಪುಟ ಎಷ್ಟೋ ಜನಕ್ಕೆ ಚಿಕ್ಕಂದಿನ ನಂತರ ಮುಚ್ಚಿಹೋಗುತ್ತೆ. ಎಷ್ಟು ಹಾಲು ಸುರಿದ್ರೂ ತೆರೆಯಲ್ಲ." ಆಮೇಲೆ ತಾನು ಬಂದದ್ದು ಜಗಳಕ್ಕೆ ಎಂದು ನೆನಪಾಗಿ ಎದ್ದು ಹೋದಳು.

ಮಧ್ಯಾಹ್ನದೊಳಗೆ ವಿಷಯ ಮುಖ್ಯಸ್ಥರ ಮೇಜಿಗೆ ಹೋಯಿತು. ತಯಾರು ಗಂಜಿಯನ್ನು ಬಾಟಲಿಗಳಲ್ಲಿ ತರಿಸಬೇಕೆಂದು ಅವರಿಗೆ ಬಹಳ ದಿನಗಳಿಂದ ಆಸೆ. ಬೆರೆಸಿದ್ದು ಗಂಜಿಯಕ್ಕನೇ ಎಂದಾದರೆ ಅಡುಗೆಕೋಣೆ ಮುಚ್ಚುವುದು, ಆಕೆ ನೆಲ ಒರೆಸುವವರ ಜೊತೆ ಸೇರುವುದು ಎಂದಾಯಿತು. ಮರುದಿನ ಬೆಳಿಗ್ಗೆ ವಿಚಾರಣೆ.

ಬೆರೆಸಿಲ್ಲವೆಂದು ಗಂಜಿಯಕ್ಕನಿಗೆ ಖಾತ್ರಿಯಿತ್ತು. ಖಾತ್ರಿ ಹೇಗೆ ಎಂಬುದೇ ತೊಂದರೆ. ಎರಡೂ ಬಿಳಿ ಪುಡಿ. ಕಣ್ಣಿಗೆ ಅಷ್ಟೊಂದು ಭೇದ ತಿಳಿಯದು. ಹಾಗಾಗಿ ಆಕೆ ಇಪ್ಪತ್ತೆರಡು ವರ್ಷವೂ ತೂಗುವ ಮುಂಚೆ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ನೋಡುತ್ತಿದ್ದಳು. ಗ್ಲೂಕೋಸ್ ತಕ್ಷಣ ಸಿಹಿಯಾಗಿ ತಣ್ಣಗೆ ಕರಗುತ್ತದೆ. ಹಾಲಿನ ಸಕ್ಕರೆ ಸಿಹಿಯೋ ಅಲ್ಲವೋ ಎಂದು ಯೋಚಿಸುತ್ತ ಕೂರುತ್ತದೆ. ಗೋಡೆಯ ಮೇಲಿನ ಕೆಂಪು ಫಲಕದ ಮೊದಲ ಸಾಲು ಹೀಗಿತ್ತು: ಇಲ್ಲಿ ಯಾವುದನ್ನೂ ಬಾಯಿಗೆ ಹಾಕಬಾರದು, ಹಾಕಿದವರನ್ನು ಕೆಲಸದಿಂದ ತೆಗೆಯಲಾಗುವುದು. ಫಲಕವನ್ನು ವಾರಕ್ಕೊಮ್ಮೆ ಒರೆಸುತ್ತಿದ್ದವಳೂ ಆಕೆಯೇ.

ಸಂಜೆ ಅತ್ತೆಗೆ ಹೇಳಿದಳು.

"ಬಾಯಿ ಮುಚ್ಕೊಂಡಿರು," ಎಂದರು ಅತ್ತೆ. "ನೆಲ ಒರೆಸಿದ್ರೂ ಸಂಬಳ ಬರುತ್ತೆ."

"ಮಾಡದ ತಪ್ಪು ಒಪ್ಕೊಳ್ಳೋದಾ, ಅತ್ತೆ?"

"ಹಾಗಾದ್ರೆ ಮಾಡಿದ್ದನ್ನ ಒಪ್ಕೊ. ಮನೇಲಿ ಕೂತು ಬೆಳಗಿಂದ ನನ್ನ ಮಾತು ಕೇಳು."

ಹಾಲು ಕಂಡರೆ ಹೊಟ್ಟೆ ಉಬ್ಬರ ಎನ್ನುವ ಅತ್ತೆಗೆ ಗಂಜಿಯಕ್ಕ ಮುಚ್ಚಿಹೋದ ಪುಟದ ಕಥೆ ಹೇಳಿದಳು. ಅತ್ತೆ ಕೇಳಿ, "ಈ ವಯಸ್ಸಲ್ಲಿ ಅದನ್ನ ತೆರೆದು ನನಗೇನಾಗ್ಬೇಕು?" ಎಂದು ಮಗ್ಗುಲಾದರು.

ಗಂಜಿಯಕ್ಕ ದೇವರ ಪಟದ ಮುಂದೆ ಸ್ವಲ್ಪ ಹೊತ್ತು ನಿಂತಳು. ಏನನ್ನೂ ಬೇಡಲಿಲ್ಲ. ಬೇಡಿದರೆ ಸುಳ್ಳಿಗೆ ಬಲ ಬೇಡಬೇಕು, ಇಲ್ಲವೆ ನಿಜಕ್ಕೆ; ಎರಡನೆಯದಕ್ಕೆ ಬೇಡುವುದೇನು ಬಂತು ಎನ್ನಿಸಿತು.

ಬೆಳಿಗ್ಗೆ ಮುಖ್ಯಸ್ಥರು ಕೇಳಿದರು: "ಅದು ಹಾಲಿನ ಸಕ್ಕರೇನೇ ಅಂತ ನಿಮಗೆ ಹೇಗೆ ಗೊತ್ತು?"

"ಡಬ್ಬಿ ಮೇಲಿನ ಚೀಟಿ ನೋಡಿದೆ ಸರ್."

"ಚೀಟಿ ಎಲ್ಲರೂ ನೋಡ್ತಾರೆ."

"ಬಾಯಿಗೂ ಹಾಕ್ಕೊಂಡು ನೋಡಿದೆ ಸರ್."

ಸಂಶೋಧಕಿ ಕನ್ನಡಕ ತೆಗೆದಳು. ಮುಖ್ಯಸ್ಥರು ಪೆನ್ನಿನ ಮುಚ್ಚಳ ಹಾಕಿದರು.

"ಎಷ್ಟು ಸಲ?"

"ದಿನಾ ಸರ್."

ಸಂಶೋಧಕಿ ಕನ್ನಡಕ ಮತ್ತೆ ಹಾಕಿಕೊಂಡು ಗೆರೆಯ ಕಾಗದ ನೋಡಿದಳು. ತನ್ನಷ್ಟಕ್ಕೆ, "ಮತ್ತೆ ಗ್ಲೂಕೋಸ್ ಎಲ್ಲಿಂದ ಬಂತು?" ಎಂದಳು.

"ನನ್ನ ಗಂಜಿಗೆ ಬೀಜ ಹಾಕೋಕೆ ಅಂತ ಮೊದಲೇ ಒಂದಷ್ಟು ಜೀವ ಬೆಳೆಸಿದ್ರಲ್ಲಮ್ಮ, ಆ ಫ್ಲಾಸ್ಕ್ ತೊಳೆದದ್ದು ನಾನೇ. ಅದರ ಮೇಲೆ ಗ್ಲೂಕೋಸ್ ಅಂತ ನಿಮ್ಮದೇ ಅಕ್ಷರ ಇತ್ತು. ಅದನ್ನ ಅರ್ಧಕ್ಕರ್ಧ ಹಾಗೇ ಸುರ್ಕೊಂಡಿದ್ರಿ."

"ಅದನ್ನೂ ರುಚಿ ನೋಡಿದ್ರಾ?" ಮುಖ್ಯಸ್ಥರು ಕೇಳಿದರು.

"ಛೆ! ಅದ್ರಲ್ಲಿ ಜೀವ ಇತ್ತು ಸರ್."

ಸಂಶೋಧಕಿಯ ಕಿವಿ ಕೆಂಪಾಯಿತು. ಅವಸರದಲ್ಲಿ ಬೀಜವನ್ನು ತೊಳೆಯದೆ, ಅದರ ಹಳೆಯ ಗಂಜಿಯ ಸಮೇತ ಸುರಿದಿದ್ದಳು. ಅಂದೇ ಹೊಸ ಬೀಜವನ್ನು ತೊಳೆದು, ಗಂಜಿಯಕ್ಕನ ಅದೇ ಗಂಜಿಯ ಉಳಿದ ಫ್ಲಾಸ್ಕಿಗೆ ಹಾಕಿದಳು. ಗೆರೆ ಮೊದಲು ಕೆಳಗೇ ಕೂತಿದ್ದು, ಆಮೇಲೆ ನಡುವೆ ಎಲ್ಲೂ ನಿಲ್ಲದೆ ಏರಿತು.

ಶುಕ್ರವಾರ ಗಂಜಿಯಕ್ಕನಿಗೆ ಎರಡು ಪತ್ರ ಬಂದವು. ಗಂಜಿಯಲ್ಲಿ ದೋಷವಿಲ್ಲ, ಅಡುಗೆಕೋಣೆ ಮುಂದುವರಿಯುತ್ತದೆ ಎಂದು ಒಂದು. ಇಪ್ಪತ್ತೆರಡು ವರ್ಷಗಳ ಅಪರಾಧವನ್ನು ಮೊದಲ ಅಪರಾಧವೆಂದು ಪರಿಗಣಿಸಿ, ಮುಚ್ಚಳಿಕೆ ಬರೆದುಕೊಟ್ಟರೆ ಕ್ಷಮಿಸಲಾಗುವುದು ಎಂದು ಇನ್ನೊಂದು. ಮುಚ್ಚಳಿಕೆಯಲ್ಲಿ, "ಇನ್ನು ಮುಂದೆ ತಯಾರಿಸುವ ಯಾವುದನ್ನೂ ರುಚಿ ನೋಡುವುದಿಲ್ಲ" ಎಂದಿತ್ತು. ಗಂಜಿಯಕ್ಕ ಎರಡು ಸಲ ಓದಿ ಸಹಿ ಹಾಕಿದಳು.

ಮೂರನೆಯ ದಿನ ಅತ್ತೆ ತಟ್ಟೆ ಸರಿಸಿದರು.

"ಮೊನ್ನೆ ಉಪ್ಪಿಲ್ಲ, ನಿನ್ನೆ ಉಪ್ಪೇ ಉಪ್ಪು, ಇವತ್ತು ಮತ್ತೆ ಇಲ್ಲ. ನಿನ್ನ ನಾಲಿಗೆಗೆ ಏನಾಯ್ತೇ?"

"ಬರೆದುಕೊಟ್ಟಿದ್ದೀನಿ ಅತ್ತೆ. ಯಾವುದನ್ನೂ ಅಂತ ಇತ್ತು."

ಅತ್ತೆ ಸೊಸೆಯ ಮುಖ ನೋಡಿದರು. ಆಮೇಲೆ ಗೋಡೆ ಹಿಡಿದು ಎದ್ದು ಒಲೆಯ ಹತ್ತಿರ ಹೋಗಿ, ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿದರು.

"ನಾನೇನೂ ಬರೆದುಕೊಟ್ಟಿಲ್ಲ," ಎಂದು ಉಪ್ಪಿನ ಡಬ್ಬಿಗೆ ಕೈ ಹಾಕಿದರು.